ಪ್ಲಾಟು, ಮನೆ, ಬಾಡಿಗೆ: ಔರಾದ ಸೀಮೆಯಲ್ಲಿ ಕಲಿತದ್ದು

ನಮ್ಮೂರು ಎಕಂಬಾದ ಹುಡುಗರು ಈಗ ಹೈದರಾಬಾದಿನಲ್ಲಿದ್ದಾರೆ, ಪುಣೆಯಲ್ಲಿದ್ದಾರೆ, ಬೆಂಗಳೂರಿನಲ್ಲಿದ್ದಾರೆ. ಕೈಯಲ್ಲಿ ನಾಲ್ಕು ಕಾಸು ಕೂಡಿತೆಂದರೆ ಔರಾದದಲ್ಲೋ ಭಾಲ್ಕಿಯಲ್ಲೋ ಬೀದರಿನಲ್ಲೋ ಒಂದು ಪ್ಲಾಟ್ ಹಿಡಿಯಬೇಕು ಎನ್ನುತ್ತಾರೆ. "ಕಾಕಾ, ಎಲ್ಲಿ ತಗೊಂಡ್ರ ಛಲೋ?" ಎಂದು ಫೋನು ಬರುತ್ತದೆ. ಮೊಬೈಲಿನಲ್ಲಿ ಅವರು ಕೇಳಿಸಿಕೊಂಡಿರುವ ಸಲಹೆಗಳೆಲ್ಲ ಬೆಂಗಳೂರಿಗೆ ಹೇಳಿದವು. ಐದು ವರ್ಷಕ್ಕೆ ದುಪ್ಪಟ್ಟು, ಹತ್ತು ತಿಂಗಳ ಡಿಪಾಜಿಟ್, ಬಾಡಿಗೆಯಲ್ಲೇ ಸಾಲದ ಕಂತು. ಮಹಾರಾಷ್ಟ್ರದ ಗಡಿಗೆ ಒತ್ತಿಕೊಂಡಿರುವ ನಮ್ಮ ಔರಾದ ತಾಲ್ಲೂಕಿನಲ್ಲಿ ಈ ಯಾವುದೂ ನಡೆಯುವುದಿಲ್ಲ. ಇಲ್ಲಿಯ ಕಾಗದ ಬೇರೆ, ಮಣ್ಣು ಬೇರೆ, ಕೊಳ್ಳುವವರೂ ಬೇರೆ.

ನಾನು ವಕೀಲನಲ್ಲ, ದಲ್ಲಾಳಿಯೂ ಅಲ್ಲ. ಒಕ್ಕಲುತನದಲ್ಲಿ ಉಳಿದ ರೊಕ್ಕವನ್ನು ಸ್ವಲ್ಪ ಸ್ವಲ್ಪವಾಗಿ ನೆಲಕ್ಕೆ ಹಾಕಿದವನು. ಔರಾದದಲ್ಲಿ ಒಂದು ಮನೆ, ಭಾಲ್ಕಿಯಲ್ಲಿ ಒಂದು ಪ್ಲಾಟ್, ಬೀದರಿನಲ್ಲಿ ಬಾಡಿಗೆಗೆ ಬಿಟ್ಟ ಎರಡು ಮನೆ. ಇಷ್ಟು ಮಾಡಿಕೊಳ್ಳುವಾಗ ಕಳೆದುಕೊಂಡದ್ದೂ ಬಹಳ ಇದೆ. ಹೊಸದಾಗಿ ಇದಕ್ಕೆ ಇಳಿಯುವವರಿಗೆ ಆ ಭಾಗವೇ ಹೆಚ್ಚು ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

1. ದರ ಕೇಳುವ ಮೊದಲು ಪಹಣಿ ಓದುವುದನ್ನು ಕಲಿಯಿರಿ.

ಮೊದಲ ಸಲ ಹೊಲ ನೋಡಲು ಹೋದಾಗ ನಾನು ಕೇಳಿದ ಮೊದಲ ಪ್ರಶ್ನೆ "ಗುಂಟೆಗೆ ಎಷ್ಟು?" ಎಂದು. ಮಾರುವವನು ಪಹಣಿ ತೋರಿಸಿದ. ಅವನ ಹೆಸರಿತ್ತು, ಸರ್ವೆ ನಂಬರು ಇತ್ತು, ನನಗೆ ಅಷ್ಟೇ ಸಾಕಾಯಿತು. ಅದೇ ಹಾಳೆಯ 11ನೇ ಕಾಲಮಿನಲ್ಲಿ ಸಹಕಾರ ಸಂಘದ ಸಾಲದ ಬೋಜಾ ದಾಖಲಾಗಿತ್ತು. ಅದನ್ನು ನಾನು ಓದಿದ್ದು ಇಸಾರ, ಅಂದರೆ ಮುಂಗಡ, ಕೊಟ್ಟ ಮೇಲೆ. ಸಾಲ ತೀರಿಸಿ ಬೋಜಾ ಕಡಿಮೆ ಮಾಡಿಸಿಕೊಂಡು ಬರುವ ತನಕ ಖರೀದಿ ನಿಂತಿತು. ಇಸಾರ ವಾಪಸು ಕೇಳುವಷ್ಟು ಗಟ್ಟಿ ಕಾಗದವೂ ನನ್ನ ಬಳಿ ಇರಲಿಲ್ಲ.

ಪಹಣಿಯಲ್ಲಿ ನಾಲ್ಕು ಕಾಲಮುಗಳನ್ನು ಬಿಡದೆ ನೋಡಬೇಕು. 9ರಲ್ಲಿ ಯಾರ ಹೆಸರಿಗೆ ಎಷ್ಟು ಕ್ಷೇತ್ರ ಎಂದಿರುತ್ತದೆ. 10ರಲ್ಲಿ ಅದು ಅವರಿಗೆ ಹೇಗೆ ಬಂತು ಎಂಬುದರ ಮ್ಯುಟೇಷನ್ ನಂಬರು. 11ರಲ್ಲಿ ಸಾಲ, ತಕರಾರು, ಇತರರ ಹಕ್ಕು. 12ರಲ್ಲಿ ಉಳುಮೆ ಮಾಡುವವರ ವಿವರ. 10ರಲ್ಲಿರುವ ನಂಬರು ಹಿಡಿದು ಮ್ಯುಟೇಷನ್ ಪ್ರತಿ ತೆಗೆಸಿದರೆ ಹೊಲ ಖರೀದಿಯಿಂದ ಬಂತೋ, ವಾರಸಾದಿಂದ ಬಂತೋ, ಹಂಚಿಕೆಯಿಂದಲೋ ಎಂಬುದು ಗೊತ್ತಾಗುತ್ತದೆ. ಅಷ್ಟಾದರೂ ಪಹಣಿ ಕಂದಾಯದ ದಾಖಲೆಯೇ ಹೊರತು ಮಾಲಕಿಯ ಪೂರ್ಣ ಪುರಾವೆಯಲ್ಲ. ನೋಂದಣಿಯಾದ ಪತ್ರಗಳ ಸರಪಳಿ ಬೇರೆ ನೋಡಬೇಕು. ಮೂವತ್ತು ವರ್ಷದ ಋಣಭಾರ ಪತ್ರ, ಎಲ್ಲರೂ ಇ.ಸಿ. ಎನ್ನುವುದು, ತೆಗೆಸಿ. ಕಾವೇರಿ ತಂತ್ರಾಂಶದಲ್ಲಿ ಈಗ ಮನೆಯಿಂದಲೇ ಇ.ಸಿ.ಗೆ ಅರ್ಜಿ ಹಾಕಬಹುದು.

ಇ.ಸಿ.ಯ ಮೇಲೂ ಪೂರ್ತಿ ಭಾರ ಹಾಕಬೇಡಿ. ನೋಂದಣಿಯಾದದ್ದು ಮಾತ್ರ ಅದರಲ್ಲಿ ಬರುತ್ತದೆ. ಬಾಯಿಮಾತಿನ ಹಂಚಿಕೆ, ನೂರು ರೂಪಾಯಿ ಛಾಪಾ ಕಾಗದದ ಮೇಲೆ ಇನ್ನೊಬ್ಬನಿಗೆ ಬರೆದುಕೊಟ್ಟ ಕರಾರು, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಇವು ಅದರಲ್ಲಿ ಕಾಣದೇ ಇರಬಹುದು. ದಾವೆ ಇದೆಯೇ ಎಂದು ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವನ ಹೆಸರು ಹಾಕಿ ಹುಡುಕಬಹುದು. ಉಳಿದದ್ದಕ್ಕೆ ಪಕ್ಕದ ಹೊಲದವರ ಕಟ್ಟೆಯ ಮೇಲೆ ಕುಳಿತು ಒಂದು ಚಹಾ ಕುಡಿಯುವುದೇ ದಾರಿ. ಬದುವಿನ ಜಗಳ, ಹಾದಿಯ ತಕರಾರು, ಮೊದಲು ಇಸಾರ ಕೊಟ್ಟು ಹೋದವನ ಸುದ್ದಿ ಎಲ್ಲವೂ ಅವರಿಗೆ ಗೊತ್ತಿರುತ್ತದೆ.

2. ಗುಂಟೆ ಲೆಕ್ಕದ ಪ್ಲಾಟ್ ಅಗ್ಗವಾಗಿರುವುದಕ್ಕೆ ಕಾರಣವಿದೆ.

ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 1,089 ಚದರ ಅಡಿ. ಹೊಲದ ಬೆಲೆಗೆ ಎಕರೆ ಕೊಂಡು, ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು, ಗುಂಟೆ ಲೆಕ್ಕದಲ್ಲಿ ಮಾರುವುದು ನಮ್ಮ ಕಡೆ ಎಲ್ಲ ಊರುಗಳ ಅಂಚಿನಲ್ಲೂ ನಡೆಯುತ್ತಿದೆ. ಕೃಷಿ ಜಮೀನನ್ನು ಬೇರೆ ಬಳಕೆಗೆ ತರಬೇಕಾದರೆ ಭೂಕಂದಾಯ ಕಾಯ್ದೆ 1964ರ 95ನೇ ಕಲಮಿನಂತೆ ಪರಿವರ್ತನೆ ಆಗಬೇಕು. ಅದನ್ನೇ ನಾವು ಎನ್ಎ ಎನ್ನುವುದು. ಎನ್ಎ ಆದರೆ ಸಾಲದು, ಬಡಾವಣೆಯ ನಕ್ಷೆಗೆ ಮಂಜೂರಿ ಬೇಕು. ಬೀದರಿನ ಸುತ್ತ ಆದರೆ ಬುಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರ. ಉಳಿದ ಕಡೆ ನಗರ ಯೋಜನಾ ಇಲಾಖೆ. ಮಂಜೂರಿಯಾದ ಬಡಾವಣೆಯಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಕ್ಕೆಂದು ದೊಡ್ಡ ಪಾಲು ಜಾಗ ಬಿಡಬೇಕು. ಆ ಜಾಗದ ಬೆಲೆಯೂ ಉಳಿದ ಪ್ಲಾಟುಗಳ ಮೇಲೆ ಬೀಳುತ್ತದೆ, ಅದಕ್ಕೇ ಅದು ತುಟ್ಟಿ.

ಮನೆಯ ಜಾಗವಲ್ಲದೆ ಔರಾದದ ಹತ್ತಿರ ನಾನು ಕೊಂಡ ಇನ್ನೊಂದು ತುಂಡು ಎನ್ಎ ಆಗದ ಜಾಗ. ಒಂದೇ ಪಹಣಿಯಲ್ಲಿ ನಾವು ಹಲವರು, ಪ್ರತಿಯೊಬ್ಬರ ಹೆಸರ ಮುಂದೆ ಇಷ್ಟು ಗುಂಟೆ. ನನ್ನ ಗುಂಟೆ ಎಲ್ಲಿಂದ ಎಲ್ಲಿಯ ತನಕ ಎಂದು ಹೇಳುವ ನಕ್ಷೆ ಸರ್ಕಾರದ ಹತ್ತಿರ ಇಲ್ಲ, ಪಾಲು ಅಳೆದು ಬೇರೆ ಮಾಡುವ ಪೋಡಿಯೂ ಆಗಿಲ್ಲ. ಮನೆ ಕಟ್ಟಲು ಪರವಾನಗಿ ಕೇಳಿದರೆ ಇಲ್ಲ ಎಂದರು. ಬ್ಯಾಂಕು ಸಾಲ ಕೊಡಲಿಲ್ಲ. ಮಾರೋಣವೆಂದರೆ ಬರುವ ಗಿರಾಕಿಗೂ ಅದೇ ಅಡಚಣೆ. ನನ್ನ ಜೊತೆ ಕೊಂಡವರಲ್ಲಿ ಒಬ್ಬರು ತೀರಿಕೊಂಡರು, ಅವರ ಮಕ್ಕಳು ಈಗ ಎಲ್ಲಿದ್ದಾರೋ ಯಾರಿಗೂ ತಿಳಿಯದು. ಆ ಜಾಗದಲ್ಲಿ ಇವತ್ತಿಗೂ ಜಾಲಿ ಬೆಳೆದು ನಿಂತಿದೆ.

ಹಳ್ಳಿಯ ಗಾಂವಠಾಣದ ಜಾಗವಾದರೆ ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಕೇಳಿ. 11ಬಿ ತೋರಿಸಿದರೆ ತೆರಿಗೆಯ ದಾಖಲೆ ಇದೆ ಎಂದು ತಿಳಿಯಿರಿ. ಬಡಾವಣೆಗೆ ಒಪ್ಪಿಗೆ ಸಿಕ್ಕಿದೆ ಎಂದು ಅದರ ಅರ್ಥವಲ್ಲ. ಮಂಜೂರಾದ ಬಡಾವಣೆಯಲ್ಲಿ ಅರ್ಧ ಪ್ಲಾಟ್ ಕೊಳ್ಳುವಷ್ಟೇ ಶಕ್ತಿ ಇದ್ದರೆ ಇನ್ನೂ ಎರಡು ವರ್ಷ ಕೂಡಿಡಿ. ಎನ್ಎ ಇಲ್ಲದ ಪೂರ್ತಿ ಪ್ಲಾಟಿಗೆ ಆಸೆ ಪಡಬೇಡಿ. ಈ ಒಂದು ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿಯಾಗುವುದಿಲ್ಲ.

3. ಅಕ್ಕತಂಗಿಯರನ್ನು ಹುಡುಕಿಕೊಂಡು ಹೋಗಿ ಮಾತಾಡಿ.

ಭಾಲ್ಕಿಯ ಪ್ಲಾಟನ್ನು ಇಬ್ಬರು ಅಣ್ಣತಮ್ಮಂದಿರಿಂದ ಕೊಂಡೆ. ಆಸ್ತಿ ಅವರ ತಂದೆಯ ಕಾಲದ್ದು. ಕಾಗದವೆಲ್ಲ ಸರಿಯಾಗಿತ್ತು, ಇಬ್ಬರೂ ಸಹಿ ಮಾಡಿದರು. ಮುಂದೆ ಪಂಚಮಿಗೆ ತವರಿಗೆ ಬಂದಿದ್ದ ಅವರ ಅಕ್ಕ ನಮ್ಮ ಮನೆಗೆ ಬಂದಳು. ಉದಗೀರದ ಕಡೆ ಕೊಟ್ಟ ಹೆಣ್ಣುಮಗಳು. ಕೂರಲು ಹೇಳಿದರೂ ಕೂರಲಿಲ್ಲ. ಬಟ್ಟೆಯ ಚೀಲದಿಂದ ಒಂದು ಪ್ಲಾಸ್ಟಿಕ್ ಹಾಳೆ ತೆಗೆದು ಬಿಚ್ಚಿದಳು. ಒಳಗೆ ಅಪ್ಪ ಕಟ್ಟಿದ ಕಂದಾಯದ ಪಾವತಿಗಳು, ಮಡಿಕೆ ಮಡಿಕೆಗೂ ಹರಿದು ಅಂಟು ಹಚ್ಚಿದವು. "ಅಣ್ಣಾ, ಅಪ್ಪ ಹಾಸಿಗಿ ಹಿಡಿದಾಗ ಇವನ್ನ ನನ್ನ ಕೈಯಾಗ ಕೊಟ್ಟಾನ. ನಂದೂ ಪಾಲ ಅದ ಅದ್ರಾಗ. ನನಗ ಯಾರೂ ಕೇಳಿಲ್ಲ" ಎಂದಳು. ದನಿ ಎತ್ತರಿಸಲಿಲ್ಲ.

ವಕೀಲರ ಹತ್ತಿರ ಹೋದೆ. ಆಕೆಯ ಮಾತು ಸರಿ ಇತ್ತು. ಕರ್ನಾಟಕದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿ 1994ರ ಜುಲೈ 30ರಿಂದಲೇ ಇತ್ತು, ಆದರೆ ಆ ದಿನಕ್ಕೆ ಮದುವೆಯಾಗಿದ್ದವರನ್ನು ಅದು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಗಳಿಗೆ ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸ್ಪಷ್ಟ ಮಾಡಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನುಬದ್ಧವಾಗಿ ಹಂಚಿಕೆಯಾದದ್ದು, ಪರಭಾರೆಯಾದದ್ದು ಮಾತ್ರ ಹಾಗೇ ಉಳಿಯುತ್ತದೆ. ಮುಸ್ಲಿಂ ಕುಟುಂಬದ ಆಸ್ತಿಯಾದರೆ ಹೆಣ್ಣುಮಕ್ಕಳ ಪಾಲು ಅವರ ವೈಯಕ್ತಿಕ ಕಾನೂನಿನಲ್ಲೇ ನಿಗದಿಯಾಗಿದೆ.

ಕೋರ್ಟಿಗೆ ಹೋಗದೆ ಮುಗಿಸಿದೆವು. ಆಕೆಯ ಪಾಲಿಗೆ ತಕ್ಕಷ್ಟು ನಾನೂ ಕೊಟ್ಟೆ, ಅಣ್ಣತಮ್ಮಂದಿರಿಂದಲೂ ಕೊಡಿಸಿದೆ. ಆಕೆ ನೋಂದಣಿ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿದಳು. ರೊಕ್ಕ ಹೋದದ್ದಕ್ಕಿಂತ, ಕೊಳ್ಳುವ ಮೊದಲು ಆಕೆಯನ್ನು ಕೇಳದೇ ಹೋದೆನಲ್ಲ ಎಂಬುದೇ ನನಗೆ ಹೆಚ್ಚು ಚುಚ್ಚಿತು. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳನ್ನು ಉದಗೀರ, ದೇಗಲೂರು, ಜಹೀರಾಬಾದ ಕಡೆಯೆಲ್ಲ ಕೊಡುತ್ತೇವೆ. ರಾಜ್ಯ ಬೇರೆಯಾದ ಕೂಡಲೇ ವಂಶಾವಳಿಯಲ್ಲಿ ಅವರ ಹೆಸರು ಬಿಟ್ಟುಹೋಗುತ್ತದೆ. ಈಗ ನಾನು ಮಾರುವವರ ಮನೆಗೆ ಹೋದರೆ ಮನೆಯ ಹಿರಿಯ ಹೆಂಗಸರ ಹತ್ತಿರ ಕುಳಿತು ಯಾರ ಯಾರ ಮಕ್ಕಳು ಎಲ್ಲೆಲ್ಲಿ ಇದ್ದಾರೆ ಎಂದು ಕೇಳುತ್ತೇನೆ. ಆಮೇಲೆ ಆ ಊರುಗಳಿಗೆ ಹೋಗುತ್ತೇನೆ.

4. ಹಳೆಯ ಕಾಗದ ಉರ್ದುವಿನಲ್ಲಿದ್ದರೆ ಬದಿಗಿಡಬೇಡಿ.

ಬೀದರ ಜಿಲ್ಲೆ 1948ರ ಸೆಪ್ಟೆಂಬರಿನ ತನಕ ನಿಜಾಮರ ರಾಜ್ಯದಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಆಗಿನ ಕಂದಾಯ ದಾಖಲೆಗಳು ಉರ್ದುವಿನಲ್ಲಿವೆ. ನಾನು ಬಹಳ ಕಾಲ ಅವನ್ನು ಓದಲು ಬರದ ಕಾಗದ ಎಂದು ತಿರುವಿ ಹಾಕುತ್ತಿದ್ದೆ. ಜಮೀನು ಪಟ್ಟಾದ್ದೋ, ಇನಾಮೋ, ದೇವಸ್ಥಾನದ್ದೋ, ದರ್ಗಾದ್ದೋ, ಗಾಯರಾಣವೋ ಎಂಬ ಮೂಲ ಸಂಗತಿ ಇರುವುದು ಅಲ್ಲೇ, 1954-55ರ ಖಾಸ್ರಾ ಪಹಣಿಯಂಥ ದಾಖಲೆಯಲ್ಲಿ. ದಾಖಲೆ ಕೋಣೆಯಿಂದ ದೃಢೀಕೃತ ನಕಲು ತೆಗೆಸಿ, ಹಳೆಯ ಬೀದರಿನಲ್ಲಿ ಇನ್ನೂ ಇರುವ ಉರ್ದು ಬಲ್ಲ ಹಿರಿಯರಿಂದ ಓದಿಸಿ. ನನಗೆ ಓದಿ ಹೇಳಿದ ನಿವೃತ್ತ ಮಾಸ್ತರರು ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ.

ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನಾದರೆ ಇನ್ನೂ ಎಚ್ಚರ. 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಅದರ ಮಾರಾಟ ಊರ್ಜಿತವಾಗುವುದಿಲ್ಲ. ಮಂಜೂರಿದಾರರು ಬಹಳ ತಡವಾಗಿ ಬಂದರು ಎಂಬ ಕಾರಣಕ್ಕೆ ಅರ್ಜಿ ಬೀಳದಂತೆ 2023ರಲ್ಲಿ ತಿದ್ದುಪಡಿಯೂ ಆಗಿದೆ. ಅಂಥ ಜಮೀನು ಅಗ್ಗಕ್ಕೆ ಸಿಗುತ್ತದೆಂದು ಹೋಗುವುದು ತಪ್ಪು. ಬಡವರಿಗೆ ಸಿಕ್ಕ ತುಂಡು ನೆಲ ಅವರ ಹತ್ತಿರವೇ ಉಳಿಯಲಿ ಎಂದು ಮಾಡಿದ ಕಾನೂನು ಅದು, ಉಳಿಯಬೇಕು.

5. ಕೊಳ್ಳುವ ಮೊದಲು ಒಂದು ಗುಂಡಿ ತೋಡಿಸಿ.

ಬೀದರ ನಗರ ಇರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಮೇಲೆ. ಆ ಕಲ್ಲನ್ನು ಕೊರೆದೇ ಬಹಮನಿಗಳ ಕಾಲದಲ್ಲಿ ನೌಬಾದಿನ ಸುರಂಗ ಬಾವಿ ಮಾಡಿದರು. ಅಲ್ಲಿ ಅಡಿಪಾಯಕ್ಕೆ ಹೆಚ್ಚು ಚಿಂತೆಯಿಲ್ಲ. ಎತ್ತರ ಇಳಿದು ಭಾಲ್ಕಿ, ಔರಾದ ಕಡೆ ಬಂದರೆ ಎರೆಮಣ್ಣು. ತೊಗರಿಗೆ, ಕಡಲೆಗೆ, ಜೋಳಕ್ಕೆ ಚಿನ್ನದಂಥ ನೆಲ. ಮನೆಗೆ ಮಾತ್ರ ಕಷ್ಟದ ನೆಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಚೈತ್ರ, ವೈಶಾಖದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಹೊಲವನ್ನು ನಾವೇ ಉಳುತ್ತೇವೆ. ಆದರೂ ಅದೇ ಮಣ್ಣಿನ ಮೇಲೆ ಮನೆ ಕಟ್ಟುವಾಗ ನನಗೆ ಇದು ಹೊಳೆಯಲಿಲ್ಲ.

ಔರಾದದ ಮನೆಗೆ ಮೂರು ಅಡಿ ಪಾಯ ತೋಡಿ ಕಲ್ಲು ತುಂಬಿಸಿದೆ. ಎರಡನೆಯ ಬೇಸಿಗೆಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಎದ್ದಿತು. ಮಳೆಗಾಲಕ್ಕೆ ಅದು ಮುಚ್ಚಿದಂತಾಯಿತು, ಆದರೆ ಹಿತ್ತಲ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡು ತೆರೆಯದಾಯಿತು. ಸಿಮೆಂಟು ಮೆತ್ತಿಸಿದೆ, ಬಣ್ಣ ಹೊಡೆಸಿದೆ. ಮುಂದಿನ ಬೇಸಿಗೆಗೆ ಮತ್ತೆ ಅದೇ ಜಾಗ. ಬಚ್ಚಲ ನೀರು ಗೋಡೆಯ ಬುಡದಲ್ಲೇ ಇಂಗುತ್ತಿದ್ದದ್ದನ್ನು ಒಬ್ಬ ಇಂಜಿನಿಯರು ತೋರಿಸಿದರು. ಒಂದು ಮೂಲೆ ವರ್ಷವಿಡೀ ಹಸಿ, ಎದುರಿನ ಮೂಲೆ ಒಣ. ಮನೆ ಎರಡು ಕಡೆಗೆ ಎಳೆದಾಡುತ್ತಿತ್ತು. ಬಚ್ಚಲ ನೀರನ್ನು ಪೈಪಿನಲ್ಲಿ ದೂರ ಸಾಗಿಸಿ, ಗೋಡೆಯ ಸುತ್ತ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟು ಹಾಸಿಸಿದ ಮೇಲೆ ಬಿರುಕು ಬಹಳ ಮಟ್ಟಿಗೆ ಹತೋಟಿಗೆ ಬಂತು.

ಅದಕ್ಕೇ ಹೇಳುವುದು, ಎರೆಭೂಮಿಯ ಪ್ಲಾಟ್ ನೋಡಲು ಹೋದರೆ ಮಾಲೀಕರ ಒಪ್ಪಿಗೆ ಕೇಳಿ ಒಂದು ಗುಂಡಿ ತೋಡಿಸಿ, ಗಟ್ಟಿ ಮುರುಮ್ ಪದರ ಎಷ್ಟು ಆಳಕ್ಕೆ ಸಿಗುತ್ತದೆ ನೋಡಿ. ಕೈಗೆಟಕುವ ಆಳದಲ್ಲಿದ್ದರೆ ಪಾಯವನ್ನು ಅಲ್ಲಿಯ ತನಕ ಒಯ್ಯಿರಿ. ಬಹಳ ಕೆಳಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ರೂಪಿಸಿದ ಅಂಡರ್‌ರೀಮ್ಡ್ ಪೈಲ್ ಪದ್ಧತಿ ಇದೆ. ಸುಮಾರು ಮೂರೂವರೆ ಮೀಟರ್ ಆಳಕ್ಕೆ ಕೊರೆದು, ಬುಡವನ್ನು ಅಗಲ ಮಾಡಿ ಕಾಂಕ್ರೀಟು ತುಂಬುತ್ತಾರೆ. ಮೇಲಿನ ಮಣ್ಣು ಉಬ್ಬಿದರೂ ಕುಗ್ಗಿದರೂ ಮನೆಯ ಭಾರ ಕೆಳಗಿನ ಸ್ಥಿರ ಮಣ್ಣಿನ ಮೇಲೆ ನಿಲ್ಲುತ್ತದೆ. ಈ ಖರ್ಚನ್ನು ಪ್ಲಾಟಿನ ಬೆಲೆಗೇ ಕೂಡಿಸಿ ನೋಡಿದರೆ ಅಗ್ಗ ಯಾವುದು, ತುಟ್ಟಿ ಯಾವುದು ಎಂಬುದು ಬದಲಾಗುತ್ತದೆ.

6. ಹಳೆಯ ಬೀದರಿನಲ್ಲಿ ಸ್ಮಾರಕ ಎಷ್ಟು ದೂರ ಎಂದು ಅಳೆಯಿರಿ.

ಕೋಟೆ, 1472ರ ಮಹಮೂದ್ ಗವಾನ್ ಮದರಸಾ, ಬರೀದಶಾಹಿ ಗೋರಿಗಳು, ಅಷ್ಟೂರಿನ ಗುಂಬಜುಗಳು ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 2010ರ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ವಾಯುಪಡೆಯ ನೆಲೆಯ ಕಡೆ ಕಟ್ಟಡದ ಎತ್ತರಕ್ಕೂ ನಿರ್ಬಂಧ ಇದೆ. ಮೇಲೊಂದು ಅಂತಸ್ತು ಹಾಕಿ ಬಾಡಿಗೆಗೆ ಕೊಡುವ ಲೆಕ್ಕ ಹಾಕುವವರು ಮೊದಲು ಇದನ್ನು ವಿಚಾರಿಸಬೇಕು.

7. ಬಾಡಿಗೆಯ ಲೆಕ್ಕವನ್ನು ಹನ್ನೊಂದು ತಿಂಗಳಿಗೇ ಹಾಕಿ.

ಒಂದು ಉದಾಹರಣೆ ಹೇಳುತ್ತೇನೆ. ಜಾಗ, ಕಟ್ಟಡ ಸೇರಿ 20 ಲಕ್ಷ ಬಿದ್ದ ಮನೆಗೆ ತಿಂಗಳಿಗೆ 6,000 ಬಾಡಿಗೆ ಬಂದರೆ ವರ್ಷಕ್ಕೆ 72,000, ಅಂದರೆ ಶೇ 3.6. ಒಂದು ತಿಂಗಳು ಖಾಲಿ ಬಿದ್ದರೆ 66,000. ಅದರಲ್ಲಿ ಆಸ್ತಿ ತೆರಿಗೆ, ಮೋಟಾರು ಸುಟ್ಟದ್ದು, ಸುಣ್ಣಬಣ್ಣ ಕಳೆದರೆ ಶೇ 3ರ ಹತ್ತಿರ ನಿಲ್ಲುತ್ತದೆ. ಶೇ 8, 9ರ ಬಡ್ಡಿಗೆ ಸಾಲ ಮಾಡಿ ಇದನ್ನು ಕಟ್ಟಿದರೆ ಬಾಡಿಗೆಯಲ್ಲಿ ಕಂತು ತೀರುವುದು ಸಾಧ್ಯವೇ ಇಲ್ಲ. ನಾನು ಬೀದರಿನ ಎರಡನೆಯ ಮನೆಯನ್ನು ಸಾಲ ಮಾಡಿಯೇ ಕಟ್ಟಿದೆ. ಕಂತಿಗೆಂದು ಎಕಂಬಾದ ಸೋಯಾ, ತೊಗರಿಯ ರೊಕ್ಕ ಹೋಗುತ್ತಿತ್ತು. ಮಳೆ ಕೈಕೊಟ್ಟ ವರ್ಷ ಹೆಂಡತಿಯ ಒಡವೆ ಅಡವಿಗೆ ಹೋಯಿತು.

ಬೀದರಿನಲ್ಲಿ ಬಾಡಿಗೆ ಮನೆಗೆ ಬೇಡಿಕೆ ತರುವುದು ಓದು ಮತ್ತು ಆಸ್ಪತ್ರೆ. 2004ರಲ್ಲಿ ಆದ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಇಂಜಿನಿಯರಿಂಗ್ ಕಾಲೇಜು, ಬ್ರಿಮ್ಸ್ ವೈದ್ಯಕೀಯ ಕಾಲೇಜು, ನೀಟ್ ತರಬೇತಿಗೆ ದೂರದ ಊರುಗಳಿಂದ ಬರುವ ಮಕ್ಕಳು ಮತ್ತು ಅವರ ಜೊತೆ ಬಂದು ಉಳಿಯುವ ತಾಯಂದಿರು. ಇವರು ಜೂನ್, ಜುಲೈಯಲ್ಲಿ ಬರುತ್ತಾರೆ, ಪರೀಕ್ಷೆ ಮುಗಿದ ಮೇಲೆ ಹೋಗುತ್ತಾರೆ. ರಿಪೇರಿಯನ್ನು ಮೇ ತಿಂಗಳಿಗೆ ಇಟ್ಟುಕೊಳ್ಳಿ. ಮೊದಲು ನೀರಿನ ವ್ಯವಸ್ಥೆ ಮಾಡಿ, ಆಮೇಲೆ ಟೈಲ್ಸ್ ಹಾಕಿಸಿ. ಬೇಸಿಗೆಯಲ್ಲಿ ಬೋರು ಬತ್ತಿ ಟ್ಯಾಂಕರ್ ತರಿಸಬೇಕಾದ ಮನೆಯಲ್ಲಿ ಒಳ್ಳೆಯ ಕುಟುಂಬಗಳು ಎರಡನೆಯ ವರ್ಷ ಉಳಿಯುವುದಿಲ್ಲ.

8. ಬಾಡಿಗೆದಾರರ ಜಾತಿ ಕೇಳಬೇಡಿ.

ಮನೆ ಖಾಲಿ ಇದೆ ಎಂಬ ಬೋರ್ಡು ನೋಡಿ ಒಬ್ಬ ಹೆಣ್ಣುಮಗಳು ಬಂದಿದ್ದಳು. ನರ್ಸ್ ಕೆಲಸ, ಜೊತೆಗೆ ಇಬ್ಬರು ಮಕ್ಕಳು. ಚಿಕ್ಕವನು ಶಾಲೆಯ ಚೀಲವನ್ನು ಮೆಟ್ಟಿಲ ಮೇಲಿಟ್ಟು ಆಗಲೇ ಒಳಗೆ ಇಣುಕುತ್ತಿದ್ದ. ಬಾಡಿಗೆ ಒಪ್ಪಿಗೆಯಾಗಿತ್ತು. ಆಗ ನಾನು, ಎಲ್ಲ ಮನೆ ಮಾಲೀಕರೂ ಕೇಳುವಂತೆ, "ನೀವು ಯಾವ ಪೈಕಿ?" ಎಂದೆ. ಆಕೆ ಒಂದು ಗಳಿಗೆ ನನ್ನ ಮುಖ ನೋಡಿದಳು. "ಆಯ್ತ್ರಿ ಅಣ್ಣಾರ" ಎಂದು ಮೆಟ್ಟಿಲ ಮೇಲಿನ ಚೀಲ ಎತ್ತಿಕೊಂಡು ಮಕ್ಕಳ ಕೈ ಹಿಡಿದು ನಡೆದುಬಿಟ್ಟಳು. ಉತ್ತರ ಹೇಳಲೂ ಇಲ್ಲ.

ಬಸವಕಲ್ಯಾಣ ಇರುವ ಜಿಲ್ಲೆ ನಮ್ಮದು. ಶರಣರ ಹೆಸರು ಹೇಳಿಕೊಂಡೇ ಬೆಳೆದವನು ನಾನು. ಮನೆಯೊಂದು ಕೈಗೆ ಬಂದ ಕೂಡಲೇ ಇನ್ನೊಬ್ಬರ ಹುಟ್ಟನ್ನು ವಿಚಾರಿಸುವ ಅಧಿಕಾರ ನನಗೆ ಯಾರು ಕೊಟ್ಟರು? ಆ ಕುಟುಂಬ ಮುಂದೆ ಎಲ್ಲಿ ಮನೆ ಹಿಡಿಯಿತೋ ನನಗೆ ತಿಳಿಯಲಿಲ್ಲ, ಕ್ಷಮೆ ಕೇಳಲು ಆಗಲಿಲ್ಲ. ಈಗ ನಾನು ಕೇಳುವುದು ಮೂರೇ ಪ್ರಶ್ನೆ. ಕೆಲಸ ಏನು, ಎಷ್ಟು ಜನ ಇರುತ್ತೀರಿ, ಎಷ್ಟು ದಿನ ಇರುವ ವಿಚಾರ. ಈ ಪದ್ಧತಿ ಹಿಡಿದ ಮೇಲೆ ಬಂದ ಬಾಡಿಗೆದಾರರಲ್ಲಿ ಯಾರೂ ನನಗೆ ಬಾಕಿ ಉಳಿಸಿಲ್ಲ.

9. ನೆಂಟರಾದರೂ ಕರಾರು ಬರೆಯಿರಿ.

ಮೊದಲ ಬಾಡಿಗೆದಾರರು ದೂರದ ಸಂಬಂಧಿಕರು, ಎಲ್ಲ ಬಾಯಿಮಾತು. ಬಾಡಿಗೆ ಯಾವಾಗ ಏರಬೇಕು, ನಲ್ಲಿ ಕೆಟ್ಟರೆ ಯಾರು ಮಾಡಿಸಬೇಕು, ಯಾವುದೂ ಬರೆದಿರಲಿಲ್ಲ. ಕೊನೆಗೆ ಮನೆ ಬಿಡಿಸುವ ಹೊತ್ತಿಗೆ ಎರಡೂ ಮನೆಗಳ ನಡುವೆ ಮದುವೆ ಮುಂಜಿಗೆ ಕರೆಯುವುದೂ ನಿಂತಿತ್ತು. ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಹನ್ನೊಂದು ತಿಂಗಳ ಕರಾರಿನ ರೂಢಿ ಬಂದದ್ದು ಅದಕ್ಕೇ. ಬಾಡಿಗೆ, ಡಿಪಾಜಿಟ್, ಏರಿಕೆ, ಯಾವ ರಿಪೇರಿ ಯಾರದು, ಬಿಡುವಾಗ ಎಷ್ಟು ಮುಂಚೆ ತಿಳಿಸಬೇಕು ಎಂಬುದನ್ನೆಲ್ಲ ಬರೆಯಿರಿ. ಬರೆಯದೆ ತಿಂಗಳ ಲೆಕ್ಕದಲ್ಲಿ ಕೊಟ್ಟಿದ್ದರೂ ಬಿಡಿಸಲು ಹದಿನೈದು ದಿನದ ನೋಟೀಸು ಕೊಡಬೇಕೆಂದು ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿದೆ. ಕೀಲಿ ಕೊಡುವ ದಿನ ಇಬ್ಬರೂ ಸೇರಿ ಗೋಡೆ, ನಲ್ಲಿ, ಫ್ಯಾನುಗಳ ಫೋಟೋ ತೆಗೆದಿಟ್ಟುಕೊಂಡರೆ ಡಿಪಾಜಿಟ್ ಮರಳಿಸುವಾಗ ಮಾತಿಗೆ ಮಾತು ಬೆಳೆಯುವುದಿಲ್ಲ.

ಪ್ರತಿ ಮನೆಗೂ ಬೇರೆ ಮೀಟರ್ ಹಾಕಿಸಿ. 2023ರ ಆಗಸ್ಟಿನ ಬಿಲ್ಲಿನಿಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಶುರುವಾದ ಮೇಲೆ ಇದು ಬಾಡಿಗೆದಾರರ ಹಕ್ಕಿನ ಪ್ರಶ್ನೆಯೂ ಹೌದು. ಅವರ ಹೆಸರಿನಲ್ಲಿ ನೋಂದಾಯಿಸಿಕೊಳ್ಳಲು ಕರಾರು ಪತ್ರ ಬೇಕಾಗುತ್ತದೆ. ನಾನು ಮೊದಲು ಎರಡು ಮನೆಗೂ ಒಂದೇ ಮೀಟರ್ ಇಟ್ಟಿದ್ದೆ. ಜೆಸ್ಕಾಂ ಬಿಲ್ಲು ಹಂಚುವಾಗ ಪ್ರತಿ ತಿಂಗಳೂ ಮನಸ್ತಾಪವಾಗುತ್ತಿತ್ತು.

10. ರೈಲು ಬರುತ್ತದೆ ಎಂಬ ಸುದ್ದಿಗೆ ಹೆಚ್ಚಿನ ಬೆಲೆ ಕೊಡಬೇಡಿ.

ಬೀದರ–ಕಲಬುರಗಿ ರೈಲು ಮಾರ್ಗಕ್ಕೆ ಮಂಜೂರಾತಿ ಸಿಕ್ಕ ಮೇಲೆ ಪೂರ್ತಿಯಾಗಲು ಸುಮಾರು ಎರಡು ದಶಕ ಹಿಡಿಯಿತು. ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಔರಾದ ಮೇಲೆ ಹಾಯುವ ಬೀದರ–ನಾಂದೇಡ್ ರೈಲಿನ ಹೆಸರಿನಲ್ಲಿ ನಮ್ಮ ಕಡೆ ಎಷ್ಟು ಪ್ಲಾಟ್ ಮಾರಾಟವಾಗಿವೆಯೋ. ರೈಲು ಬರಲಿ ಎಂದು ನಾನೂ ಹಾರೈಸುತ್ತೇನೆ. ಆದರೆ ಇವತ್ತಿನ ರಸ್ತೆಗೆ, ಇವತ್ತಿನ ನೀರಿಗೆ ಎಷ್ಟೋ ಅಷ್ಟೇ ಕೊಡಿ.

11. ಖರೀದಿಯ ಖರ್ಚನ್ನು ಬೇರೆ ತೆಗೆದಿಡಿ, ವ್ಯವಹಾರ ಬ್ಯಾಂಕಿನಲ್ಲೇ ಮಾಡಿ.

2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್ಚಾರ್ಜ್ ಎಲ್ಲ ಸೇರಿ ಸುಮಾರು ಶೇ 7.6 ಆಗುತ್ತದೆ. 10 ಲಕ್ಷದ ಪ್ಲಾಟಿಗೆ 76 ಸಾವಿರ. ಬೆಲೆಯ ಅರ್ಧವನ್ನು ನಗದಾಗಿ ಕೊಟ್ಟು ಕಾಗದದಲ್ಲಿ ಕಡಿಮೆ ತೋರಿಸೋಣ ಎಂದರೆ ಒಪ್ಪಬೇಡಿ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡವರ ಮೇಲೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮುಂದೆ ತಕರಾರು ಬಂದರೆ ಕೊಟ್ಟವರ ಬಳಿಯೂ ಪುರಾವೆ ಇರುವುದಿಲ್ಲ.

12. ಮಾರುವುದಕ್ಕೆ ಆಗುವ ಕಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಔರಾದದಂಥ ಊರಿನಲ್ಲಿ ಪ್ಲಾಟ್ ಕೊಳ್ಳುವವರು ಬರುವುದು ಸುಗ್ಗಿಯ ಮೇಲೆ. ಸೋಯಾ ಮಾರಿದ ಮೇಲೆ ಒಂದಿಷ್ಟು ಜನ, ತೊಗರಿ ಮಾರಿದ ಮೇಲೆ ಇನ್ನೊಂದಿಷ್ಟು. ಬೆಳೆ ಹೋದ ವರ್ಷ ಕೇಳುವವರೇ ಇರುವುದಿಲ್ಲ. ಮಗಳ ಕಾಲೇಜು ಶುಲ್ಕಕ್ಕೆಂದು ನಾನು ಭಾಲ್ಕಿಯ ಪ್ಲಾಟ್ ಮಾರಲು ಹೊರಟಾಗ ಅಂಥದೇ ವರ್ಷ ಎದುರಾಯಿತು. ಪ್ಲಾಟ್ ಹೋಗಲಿಲ್ಲ, ಶುಲ್ಕಕ್ಕೆ ಕೈಗಡ ಮಾಡಿದೆ. ಮಕ್ಕಳ ಓದು, ಮದುವೆ, ಆಸ್ಪತ್ರೆಗೆ ಬೇಕಾಗುವ ರೊಕ್ಕವನ್ನು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇಡಿ. ಹತ್ತು ವರ್ಷ ಮುಟ್ಟುವ ಅಗತ್ಯ ಬಾರದ ರೊಕ್ಕವನ್ನು ಮಾತ್ರ ನೆಲಕ್ಕೆ ಹಾಕಿ.

ಊರಿನ ಹುಡುಗರಲ್ಲಿ ನನ್ನದೊಂದು ಕೋರಿಕೆ. ರಜೆಗೆ ಬರುವಾಗ ನೀವು ನೋಡಿದ ಜಾಗದ ಪಹಣಿ, ಮ್ಯುಟೇಷನ್, ಇ.ಸಿ. ಪ್ರತಿಗಳನ್ನು ತನ್ನಿ. ನನಗೆ ತಿಳಿದಷ್ಟು ಓದಿ ಹೇಳುತ್ತೇನೆ, ತಿಳಿಯದ್ದಕ್ಕೆ ಭಾಲ್ಕಿಯಲ್ಲೋ ಬೀದರಿನಲ್ಲೋ ಒಳ್ಳೆಯ ವಕೀಲರ ಹತ್ತಿರ ಜೊತೆಗೆ ಬರುತ್ತೇನೆ. ಇಸಾರ ಕೊಡುವ ಮೊದಲೇ ಬನ್ನಿ.